ಗೆಲುವು ಎಂಬ ಮಾತಿನ ಲೆಕ್ಕ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗನು ಒಂದು ಪ್ರಶ್ನೆಯನ್ನು ಕೇಳಿದನು. ಅವನಿಗೆ ಹತ್ತು ವರ್ಷ. ಬಸದಿಯ ಪಾಠಶಾಲೆಯಲ್ಲಿ ‘ಜಿನ’ ಎಂದರೆ ಗೆದ್ದವನು ಎಂದು ಹೇಳಿಕೊಟ್ಟಿದ್ದರು. ಸಂಜೆ ಕಬಡ್ಡಿಯಾಡಿ, ಮೊಣಕಾಲಿನ ಮಣ್ಣನ್ನೂ ತೊಳೆಯದೆ ನೇರವಾಗಿ ನನ್ನ ಬಳಿಗೆ ಬಂದು, “ತಾತಾ, ಜಿನ ಗೆದ್ದ ಅಂದರೆ ಸೋತವರು ಯಾರು?” ಎಂದನು. “ಕರ್ಮಗಳು, ಕಷಾಯಗಳು” ಎಂದು ನಾನು ರೂಢಿಯ ಉತ್ತರವನ್ನು ಕೊಟ್ಟೆನು. ಅವನಿಗೆ ಸಮಾಧಾನವಾಗಲಿಲ್ಲ. “ಅವರು ಎದುರು ತಂಡದಲ್ಲಿ ಇದ್ದರಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಚ್ಚಲಿಗೆ ಓಡಿದನು.

ಹುಡುಗನು ಓಡಿದರೂ ಪ್ರಶ್ನೆಯು ನನ್ನ ಬಳಿಯೇ ಉಳಿಯಿತು. ಏಕೆಂದರೆ 2014ರಲ್ಲಿ ನನ್ನ ತಾಯಿಯವರು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ನನಗೆ ಕೇಳಿದ್ದರು. ಆ ದಿನವೂ ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಗತಿಯನ್ನು ಮುಂದೆ ನಿವೇದಿಸುತ್ತೇನೆ. ನಾನು ಪಂಡಿತನಲ್ಲ. ಬಿ.ಕಾಂ. ಓದಿ, ತಂದೆಯವರ ಪಾತ್ರೆ ಅಂಗಡಿಯ ಗದ್ದಿಗೆಯ ಮೇಲೆ ನಲವತ್ತು ವರ್ಷ ಕುಳಿತು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಸ್ವಾಧ್ಯಾಯ ಮಾಡಿದವನು. ಆದುದರಿಂದ ಈ ‘ಗೆಲುವು’ ಎಂಬ ಮಾತನ್ನು ವ್ಯಾಪಾರಿಯ ರೀತಿಯಲ್ಲಿಯೇ, ಎಲ್ಲಿ ಜಮೆ, ಎಲ್ಲಿ ಖರ್ಚು ಎಂದು ನೋಡುವ ಪ್ರಯತ್ನವನ್ನು ಮಾಡಿದ್ದೇನೆ. ವಿದ್ವಾಂಸರು ತಪ್ಪಿದ್ದಲ್ಲಿ ತಿದ್ದಬೇಕು.

ಗೆಲ್ಲುವುದು, ಸೋಲುವುದು ಎಂಬ ಮಾತುಗಳು ಆಟದ ಬಯಲಿಗೂ ರಣಭೂಮಿಗೂ ಸಮಾನವಾಗಿವೆ. ಪತ್ರಿಕೆಯ ಕ್ರೀಡಾಪುಟವನ್ನು ತೆರೆದರೆ ಬೌಲಿಂಗ್ ದಾಳಿ, ಎದುರಾಳಿಗಳ ಶರಣಾಗತಿ, ಹಿಂದಿನ ಸೋಲಿಗೆ ಸೇಡು ಎಂಬ ಮಾತುಗಳೇ ಕಾಣುತ್ತವೆ. ಯುದ್ಧದ ವರದಿಯಲ್ಲಿ ‘ಆಟ ಮುಗಿಯಿತು’, ‘ಮುಂದಿನ ನಡೆ ಏನು’ ಎಂದು ಬರೆಯುತ್ತಾರೆ. ಇದು ಇಂದಿನವರು ಮಾಡಿದ ಬೆರಕೆಯಲ್ಲ. ಚದುರಂಗ ಎಂಬ ಹೆಸರೇ ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳ ಸೈನ್ಯದಿಂದ ಬಂದಿದೆ. ನಮ್ಮ ಮನೆಯ ಜಗುಲಿಯ ಮೇಲೆ ಹೆಂಗಸರು ಆಡುತ್ತಿದ್ದ ಚೌಕಾಬಾರದಲ್ಲಿಯೂ ‘ಕಾಯಿ ಕಡಿ’ ಎಂಬ ಮಾತಿತ್ತು. ಇರುವೆಯನ್ನು ತುಳಿಯದೆ ನಡೆಯುತ್ತಿದ್ದ ನಮ್ಮ ಅಜ್ಜಿಯವರು ಅತ್ಯುತ್ಸಾಹದಿಂದ ಕಾಯಿಗಳನ್ನು ಕಡಿಯುತ್ತಿದ್ದರು! ಅದರಲ್ಲಿ ದೋಷವನ್ನು ಯಾರೂ ಎಣಿಸಲಿಲ್ಲ. ಕಡಿದ ಕಾಯಿಯು ಮರುಗಳಿಗೆಯಲ್ಲಿ ತನ್ನ ಮನೆಯಿಂದ ಮತ್ತೆ ಹೊರಡುತ್ತಿತ್ತು. ಸುತ್ತು ಪೂರೈಸಿ ಹಣ್ಣಾಗುತ್ತಿತ್ತು.

ವ್ಯತ್ಯಾಸವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಮಾತು ಒಂದೇ ಆದರೂ ಸೋತವನ ಗತಿ ಒಂದೇ ಅಲ್ಲ. ಕಬಡ್ಡಿಯ ಸಂಜೀವಿನಿ ಎಂಬ ಪದ್ಧತಿಯಲ್ಲಿ ಎದುರು ತಂಡದವನೊಬ್ಬನು ಔಟಾದರೆ, ನಮ್ಮಲ್ಲಿ ಮೊದಲೇ ಔಟಾಗಿ ಹೊರಗೆ ಕುಳಿತವನೊಬ್ಬನು ಬದುಕಿ ಒಳಗೆ ಬರುತ್ತಾನೆ. ಆಟದಲ್ಲಿ ಗೆದ್ದವನಿಗೆ ಸೋತವನು ನಾಳೆಯೂ ಬೇಕು. ಅವನು ಬಾರದಿದ್ದರೆ ಆಟವೇ ಇಲ್ಲ. ಯುದ್ಧದಲ್ಲಿಯಾದರೋ, ಸೋತವನು ಮತ್ತೆ ಏಳದಂತೆ ಮಾಡಿದಾಗಲೇ ಗೆಲುವು ಪೂರ್ಣವಾಯಿತೆಂದು ಭಾವಿಸುತ್ತಾರೆ. ಜೋಡಿ ನಮೂದಿನ ಪದ್ಧತಿಯಲ್ಲಿ ಒಬ್ಬರ ಖಾತೆಗೆ ಜಮೆಯಾದದ್ದು ಇನ್ನೊಬ್ಬರ ಖಾತೆಗೆ ಖರ್ಚಾಗಲೇಬೇಕಷ್ಟೆ. ಆಟದಲ್ಲಿ ಆ ಖರ್ಚು ಸಂಜೆಗೆ ಅಳಿಸಿಹೋಗುತ್ತದೆ. ಯುದ್ಧದಲ್ಲಿ ಅದು ತಲೆಮಾರುಗಳವರೆಗೆ ಬಾಕಿಯಾಗಿ ನಿಲ್ಲುತ್ತದೆ.

ನಮ್ಮ ಪುರಾಣಕಾರರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ದ್ವಿತೀಯ ತೀರ್ಥಂಕರರ ಹೆಸರನ್ನೇ ನೋಡಿರಿ. ಅವರ ತಂದೆಯ ಹೆಸರು ಜಿತಶತ್ರು, ಅಂದರೆ ಶತ್ರುಗಳನ್ನು ಗೆದ್ದವನು. ಅದು ರಣರಂಗದ ಹೆಸರು. ಶ್ವೇತಾಂಬರ ಪರಂಪರೆಯ ಕಥೆಯಂತೆ, ಭಗವಂತರು ಗರ್ಭದಲ್ಲಿದ್ದಾಗ ತಾಯಿ ವಿಜಯಾದೇವಿಯನ್ನು ಪಗಡೆಯಾಟದಲ್ಲಿ ರಾಜನು ಸೋಲಿಸಲಾರದೆ ಹೋದನು. ಆ ಕಾರಣದಿಂದ ಮಗುವಿಗೆ ಅಜಿತ ಎಂಬ ಹೆಸರಾಯಿತು. ಶತ್ರುಗಳನ್ನು ಗೆದ್ದ ರಾಜನು ಮನೆಯಲ್ಲಿ ಪಗಡೆಯ ಹಾಸಿನ ಮುಂದೆ ಸೋತನು. ಆ ಸೋಲಿನಿಂದ ಯಾರಿಗೂ ನೋವಾಗಲಿಲ್ಲ.

ಆದರೆ ಯುದ್ಧವನ್ನೇ ಪಂದ್ಯವನ್ನಾಗಿ ಬದಲಿಸಿದ ಪ್ರಸಂಗವೆಂದರೆ ಭರತ-ಬಾಹುಬಲಿಗಳದು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ, 941ರಲ್ಲಿ ಪಂಪ ಮಹಾಕವಿಯು ಕನ್ನಡದಲ್ಲಿಯೂ ಅದನ್ನು ಆದಿಪುರಾಣದಲ್ಲಿ ವಿಸ್ತರಿಸಿದ್ದಾರೆ. ಕಥೆಯು ಎಲ್ಲರಿಗೂ ತಿಳಿದದ್ದೇ. ನಾನು ಎರಡು ಮೂರು ಅಂಶಗಳನ್ನು ಮಾತ್ರ ನೆನಪಿಸುತ್ತೇನೆ. ಎರಡೂ ಸೈನ್ಯಗಳು ಎದುರುಬದುರಾದಾಗ ಮಂತ್ರಿಗಳು ಲೆಕ್ಕ ಹಾಕಿದರು. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು; ಅವರಿಗೆ ಹಾನಿಯಿಲ್ಲ. ಸಾಯುವವರು ಬಡ ಸೈನಿಕರು. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಸ್ಪರ್ಧೆಗಳು ಸಾಕೆಂದು ನಿಶ್ಚಯವಾಯಿತು. ಹೆಸರಿನಲ್ಲಿ ಮೂರೂ ‘ಯುದ್ಧ’ಗಳೇ. ಸ್ವರೂಪದಲ್ಲಿ ಮೂರೂ ಆಟಗಳು. ರೆಪ್ಪೆ ಮಿಟುಕಿಸದೆ ನೋಡುವುದು, ನೀರೆರಚುವುದು, ಕುಸ್ತಿಯಾಡುವುದು ಇವು ನಮ್ಮ ಮಕ್ಕಳು ಕೆರೆಯ ದಂಡೆಯಲ್ಲಿ ಆಡುವವಲ್ಲವೆ?

ಭರತನ ದೇಹದ ಎತ್ತರ ಐನೂರು ಧನುಸ್ಸು, ಬಾಹುಬಲಿಯದು ಐನೂರ ಇಪ್ಪತ್ತೈದು. ಮೂರರಲ್ಲಿಯೂ ತಮ್ಮನೇ ಗೆದ್ದನು. ಆಟವಾಗಿದ್ದರೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಸೋತ ಚಕ್ರವರ್ತಿಯು ನಿಯಮವನ್ನು ಮುರಿದು ಚಕ್ರರತ್ನವನ್ನು ಪ್ರಯೋಗಿಸಿದನು. ಆಟದೊಳಗೆ ಅಡಗಿ ಕುಳಿತಿದ್ದ ಯುದ್ಧವು ಹೊರಬಂದದ್ದು ಆ ಗಳಿಗೆಯಲ್ಲಿ. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಬಾಹುಬಲಿಯು ಗೆದ್ದ ರಾಜ್ಯವನ್ನು ಗೆದ್ದಲ್ಲಿಯೇ ಬಿಟ್ಟು ತಪಸ್ಸಿಗೆ ಹೊರಟನು.

ಇದೇ ಭರತನು ಅದಕ್ಕೆ ಮೊದಲು ಷಟ್ಖಂಡಗಳನ್ನು ಗೆದ್ದು, ತನ್ನ ಹೆಸರನ್ನು ಕೆತ್ತಿಸಲೆಂದು ವೃಷಭಾಚಲಕ್ಕೆ ಹೋಗಿದ್ದನು. ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಆ ಬೆಟ್ಟದ ಬಂಡೆಯು ತುಂಬಿಹೋಗಿತ್ತು. ಒಂದು ಹೆಸರನ್ನು ಅಳಿಸಿ ಆ ಜಾಗದಲ್ಲಿ ತನ್ನದನ್ನು ಬರೆಸಬೇಕಾಯಿತು. ಯುದ್ಧದ ಗೆಲುವಿನ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವೆಂದು ನನಗೆ ತೋರುವುದಿಲ್ಲ. ಅಲ್ಲಿ ಒಂದು ಹೆಸರು ಅಳಿಯದೆ ಇನ್ನೊಂದು ಹೆಸರಿಗೆ ಸ್ಥಳವಿಲ್ಲ.

ಶ್ರವಣಬೆಳಗೊಳಕ್ಕೆ ಹೋದವರು ಗೊಮ್ಮಟಸ್ವಾಮಿಯ ದರ್ಶನ ಮಾಡಿ ಹಿಂತಿರುಗುವುದು ವಾಡಿಕೆ. ಎದುರಿನ ಚಿಕ್ಕಬೆಟ್ಟವನ್ನೂ ಒಮ್ಮೆ ಹತ್ತಬೇಕೆಂದು ನನ್ನ ವಿನಂತಿ. ಅಲ್ಲಿ ಕೂಗೆ ಬ್ರಹ್ಮದೇವ ಕಂಬದಲ್ಲಿ ಗಂಗರ ಮಾರಸಿಂಹನ ಶಾಸನವಿದೆ. ಅವನು ಗೆದ್ದ ಯುದ್ಧಗಳನ್ನು ಒಂದೊಂದಾಗಿ ಹೇಳಿ, ಕೊನೆಗೆ ಅವನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡನೆಂದು ಶಾಸನವು ತಿಳಿಸುತ್ತದೆ. ಅದೇ ಬೆಟ್ಟದಲ್ಲಿ 982ನೆಯ ವರ್ಷದ ಮತ್ತೊಂದು ಶಾಸನವಿದೆ. ಅದು ರಾಷ್ಟ್ರಕೂಟರ ಇಂದ್ರರಾಜನದು. ಇವನು ಮೂರನೆಯ ಕೃಷ್ಣನ ಮೊಮ್ಮಗ. ಇವನನ್ನು ಸಿಂಹಾಸನದ ಮೇಲೆ ನಿಲ್ಲಿಸಲು ಮಾರಸಿಂಹನು ಹೆಣಗಿದ್ದನು. ರಾಜ್ಯವು ಉಳಿಯಲಿಲ್ಲ. ಇಂದ್ರರಾಜನು ಬೆಳಗೊಳಕ್ಕೆ ಬಂದು ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಆಶ್ಚರ್ಯವೆಂದರೆ, ಈ ಶಾಸನವು ಬಹುವಾಗಿ ವರ್ಣಿಸುವುದು ಇಂದ್ರರಾಜನ ಚೆಂಡಾಟದ ಚಾತುರ್ಯವನ್ನು. ಒಂದು ಕಲ್ಲಿನಲ್ಲಿ ಯುದ್ಧದ ಗೆಲುವುಗಳು, ಇನ್ನೊಂದರಲ್ಲಿ ಆಟದ ಗೆಲುವುಗಳು. ಎರಡಕ್ಕೂ ಕೊನೆಯ ಸಾಲು ಒಂದೇ.

ಎದುರಿನ ದೊಡ್ಡಬೆಟ್ಟದಲ್ಲಿ 981ರ ಸುಮಾರಿಗೆ 58 ಅಡಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ದಂಡನಾಯಕ. ಸಮರಪರಶುರಾಮ, ವೀರಮಾರ್ತಾಂಡ ಮೊದಲಾದ ಬಿರುದುಗಳನ್ನು ರಣದಲ್ಲಿ ಪಡೆದವನು. ಅಷ್ಟು ಯುದ್ಧಗಳನ್ನು ಕಂಡವನು ಕಲ್ಲಿನಲ್ಲಿ ಕಡೆಯಿಸಿದ್ದು ಆಯುಧ ಹಿಡಿದ ವೀರನನ್ನಲ್ಲ. ಗೆದ್ದು, ಗೆದ್ದದ್ದನ್ನು ಬಿಟ್ಟು, ಬರಿಗೈಯಲ್ಲಿ ನಿಂತವನನ್ನು ಅವನು ಆರಿಸಿಕೊಂಡನು. ಹಾಸನ ಜಿಲ್ಲೆಯವನಾದ ನಾನು ಎಷ್ಟೋ ಬಾರಿ ಆ ಮೆಟ್ಟಿಲುಗಳನ್ನು ಹತ್ತಿದ್ದೇನೆ. ಆದರೆ ಆ ಮೂರ್ತಿಯು ನನಗೇ ಏನಾದರೂ ಹೇಳುತ್ತಿರಬಹುದೆಂದು ಬಹುಕಾಲ ಅನ್ನಿಸಿರಲಿಲ್ಲ.

ಈಗ ನನ್ನ ಸಂಗತಿಗೆ ಬರುತ್ತೇನೆ. ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಬರೆಯದಿದ್ದರೆ ಮೇಲಿನದೆಲ್ಲ ಬರಿಯ ಮಾತಾದೀತು.

ನಾವು ಇಬ್ಬರು ಅಣ್ಣತಮ್ಮಂದಿರು. ನಾನು ಕಾಲೇಜು ಮುಗಿಸಿ ಬಂದವನಾದುದರಿಂದ ಗದ್ದಿಗೆಯ ಮೇಲೆ ಕುಳಿತು ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದಿತು. ತಮ್ಮನು ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿದ್ದನು. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಹಿತ್ತಾಳೆ, ತಾಮ್ರದ ಸರಕನ್ನು ತರುವುದು, ಸಂತೆಯಿಂದ ಸಂತೆಗೆ ಮೂಟೆ ಹೊರುವುದು, ಹಳ್ಳಿಗಳಲ್ಲಿ ಬಾಕಿ ವಸೂಲು ಮಾಡುವುದು ಅವನ ಕೆಲಸವಾಗಿತ್ತು. ಪರವಾನಗಿ, ಬ್ಯಾಂಕಿನ ಖಾತೆ ಎಲ್ಲವೂ ನನ್ನ ಹೆಸರಿನಲ್ಲಿದ್ದವು. 1992ರಲ್ಲಿ ಅಂಗಡಿಯ ಹಿಂದಿನ ಗೋದಾಮನ್ನು ಕೊಂಡಾಗ ಕ್ರಯಪತ್ರವೂ ನನ್ನ ಹೆಸರಿಗೇ ಆಯಿತು. ಆಗ ಅದರಲ್ಲಿ ಕಪಟವಿರಲಿಲ್ಲ. 1998ರಲ್ಲಿ ತಂದೆಯವರು ತೀರಿಕೊಂಡರು. ಬಳಿಕ ಮನೆಯಲ್ಲಿ ಸಣ್ಣಪುಟ್ಟ ಮಾತುಗಳು ಹುಟ್ಟಿದವು. 2003ರಲ್ಲಿ ತಮ್ಮನು ಗೋದಾಮಿನಲ್ಲಿ ಅರ್ಧ ಪಾಲನ್ನು ಕೇಳಿದನು. ಅದು ನನ್ನ ಸ್ವಯಾರ್ಜಿತವೆಂದು ನಾನು ಹೇಳಿದೆನು. ವಿಷಯವು ನ್ಯಾಯಾಲಯಕ್ಕೆ ಹೋಯಿತು.

ಹನ್ನೊಂದು ವರ್ಷ ನಡೆಯಿತು. ಮೊದಮೊದಲು ಅದು ನನಗೆ ಆಟದಂತೆಯೇ ಇತ್ತು. ಅವರು ಒಂದು ಅರ್ಜಿ ಹಾಕಿದರೆ ನಾವು ಒಂದು ತಕರಾರು ಹಾಕುವುದು. ವಾಯಿದೆಯ ದಿನ ಯಾರ ಮುಖ ಸಪ್ಪಗಾಯಿತೆಂದು ನೋಡುವುದು. ಬರುಬರುತ್ತಾ ಮಕ್ಕಳ ಮದುವೆಗಳಿಗೆ ಪರಸ್ಪರ ಹೋಗುವುದು ನಿಂತಿತು. ಪರ್ಯುಷಣದಲ್ಲಿ ಒಂದೇ ಬಸದಿಯ ಎರಡು ಮೂಲೆಗಳಲ್ಲಿ ಕುಳಿತು ಉತ್ತಮ ಕ್ಷಮೆಯ ಪ್ರವಚನವನ್ನು ಕೇಳಿದೆವು. ಆಟವು ಯಾವಾಗ ಯುದ್ಧವಾಯಿತೆಂದು ನನಗೆ ತಿಳಿಯಲೇ ಇಲ್ಲ.

2014ರ ಬೇಸಗೆಯಲ್ಲಿ ತೀರ್ಪು ನನ್ನ ಪರವಾಗಿ ಬಂದಿತು. ನನ್ನ ಲೆಕ್ಕದ ಪುಸ್ತಕಗಳು ಅಷ್ಟು ಅಚ್ಚುಕಟ್ಟಾಗಿದ್ದವು. ವಕೀಲರು “ದೊಡ್ಡ ಪಂದ್ಯ ಗೆದ್ದಿರಿ” ಎಂದು ಕೈಕುಲುಕಿದರು. ಜೊತೆಗೆ ಬಂದಿದ್ದ ಸ್ನೇಹಿತರೊಬ್ಬರು “ಯುದ್ಧವನ್ನೇ ಗೆದ್ದರು” ಎಂದರು. ಎರಡು ಮಾತುಗಳೂ ನನಗೆ ಹಿತವಾಗಿ ಕೇಳಿದವು. ದಾರಿಯಲ್ಲಿ ಸಿಹಿ ಕೊಂಡು ಮನೆಗೆ ಬಂದೆನು. ತಾಯಿಯವರು ಜಪಸರವನ್ನು ಹಿಡಿದು ಕುಳಿತಿದ್ದರು. “ಅಮ್ಮಾ, ಗೆದ್ದೆ” ಎಂದೆನು.

ಅವರು ಮಣಿಯನ್ನು ಹಿಡಿದ ಬೆರಳನ್ನು ಅಲ್ಲಿಯೇ ನಿಲ್ಲಿಸಿ, “ಯಾರನ್ನ ಗೆದ್ದೆಯಪ್ಪಾ?” ಎಂದರು.

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದಂತಿತ್ತು. ಸೋತವನೂ ಅವರ ಮಗನೇ ಆಗಿದ್ದನು. ಸಿಹಿಯ ಪೊಟ್ಟಣವು ಎರಡು ದಿನ ಹಾಗೆಯೇ ಇದ್ದು, ಆಳಿನ ಮನೆಗೆ ಹೋಯಿತು.

ಆ ವರ್ಷ ಕ್ಷಮಾವಾಣಿಯ ದಿನ ನಾನೇ ತಮ್ಮನ ಮನೆಗೆ ಹೋದೆನು. ಗೆದ್ದವನೇ ಬಾಗಿ ಹೋಗುತ್ತಿದ್ದೇನೆಂಬ ಸಣ್ಣ ಹೆಮ್ಮೆಯೂ ಜೊತೆಯಲ್ಲಿ ಬಂದಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅವನ ಹೆಂಡತಿ ನೀರು ಕೊಟ್ಟರು. ನಾನು ಕೈಜೋಡಿಸಿ ಕ್ಷಮೆ ಕೇಳಿದೆನು. ತಮ್ಮನು ಬಹಳ ಹೊತ್ತು ಸುಮ್ಮನಿದ್ದು ಹೇಳಿದನು: “ಗೆದ್ದವನಿಗೆ ಕ್ಷಮೆ ಕೇಳೋದು ಕಷ್ಟ ಅಲ್ಲ ಅಣ್ಣಾ. ಲೆಕ್ಕ ತಿದ್ದೋದು ಕಷ್ಟ. ಲೆಕ್ಕ ಬರೆದವನು ನೀನು.”

ಆ ರಾತ್ರಿ ಹಳೆಯ ಖಾತೆಪುಸ್ತಕಗಳನ್ನು ತೆಗೆದು ನೋಡಿದೆನು. ಬಸ್ಸಿನ ಚಾರ್ಜು, ಮೂಟೆಯ ಕೂಲಿ, ಸಂತೆಯ ಸುಂಕ ಎಲ್ಲಕ್ಕೂ ನಮೂದು ಇತ್ತು. ಮೂಟೆಯನ್ನು ಹೊತ್ತ ತಮ್ಮನ ಬೆನ್ನಿಗೆ ಒಂದು ಕಲಮೂ ಇರಲಿಲ್ಲ. ಹತ್ತು ಹನ್ನೆರಡು ವರ್ಷಗಳ ಅವನ ದುಡಿಮೆಯು ಯಾವ ಪುಟದಲ್ಲಿಯೂ ಜಮೆಯಾಗಿರಲಿಲ್ಲ. ಮನೆಯವನಿಗೆ ಸಂಬಳ ಬರೆಯುವುದುಂಟೆ ಎಂದು ಆಗ ಬರೆದಿರಲಿಲ್ಲ. ಬರೆದಿಲ್ಲವೆಂಬುದನ್ನೇ ನ್ಯಾಯಾಲಯದಲ್ಲಿ ಸಾಕ್ಷ್ಯವನ್ನಾಗಿ ಒಪ್ಪಿಸಿದ್ದೆನು. ನಾನು ಸುಳ್ಳು ಬರೆದಿರಲಿಲ್ಲ. ಆದರೆ ಸತ್ಯಾಣುವ್ರತವು ಬರೆದದ್ದಕ್ಕೆ ಮಾತ್ರ ಅನ್ವಯಿಸುತ್ತದೆಯೇ, ಬರೆಯದೆ ಬಿಟ್ಟದ್ದಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ಲೆಕ್ಕ ಬರೆಯುವವರೆಲ್ಲರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

2015ರಲ್ಲಿ ಗೋದಾಮಿನ ಅರ್ಧವನ್ನು ತಮ್ಮನಿಗೆ ಬರೆದುಕೊಡಲು ನಿಶ್ಚಯಿಸಿದೆನು. ಬರಹಗಾರರು ದಾನಪತ್ರವನ್ನು ಸಿದ್ಧಪಡಿಸಿದರು. ತಮ್ಮನು ಅದನ್ನು ಓದಿ, “ದಾನ ನನಗೆ ಬೇಡ” ಎಂದು ಕಾಗದವನ್ನು ಹಿಂದಕ್ಕೆ ಸರಿಸಿದನು. ನನಗೆ ಸಿಟ್ಟು ಬಂದಿತು. ಗೆದ್ದದ್ದನ್ನು ಕೊಡುತ್ತಿರುವಾಗ ಮಾತಿನ ಚರ್ಚೆ ಏಕೆಂದು ಅನ್ನಿಸಿತು. ಆಗ ನೆನಪಾದದ್ದು ಬೆಟ್ಟದ ಮೇಲಿನ ಸ್ವಾಮಿ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತು, ಮೈಗೆ ಬಳ್ಳಿ ಹಬ್ಬಿ, ಪಾದದ ಬಳಿ ಹುತ್ತ ಬೆಳೆದರೂ ಕೇವಲಜ್ಞಾನವು ದೊರೆಯಲಿಲ್ಲ. ಅಣ್ಣನ ನೆಲದ ಮೇಲೆ ನಿಂತಿದ್ದೇನಲ್ಲ ಎಂಬ ಮಾನವು ಉಳಿದಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಜಿನಸೇನಾಚಾರ್ಯರ ಪ್ರಕಾರವಾದರೆ, ನನ್ನಿಂದ ಅಣ್ಣನಿಗೆ ಕ್ಲೇಶವಾಯಿತಲ್ಲ ಎಂಬ ಒಂದು ಎಳೆ ಮನಸ್ಸಿನಲ್ಲಿತ್ತು. ಭರತನೇ ಬಂದು ಪೂಜಿಸಿದಾಗ ಅದು ಕಳಚಿತು. ಯಾವ ಪಾಠವನ್ನು ಹಿಡಿದರೂ ಅರ್ಥ ಒಂದೇ. ಗೆದ್ದವನ ಬಿಡುಗಡೆಗೆ ಸೋತವನೂ ಬರಬೇಕಾಯಿತು. ರಾಜ್ಯವನ್ನೇ ಬಿಟ್ಟವನಿಗೆ ಅಷ್ಟು ಕಷ್ಟವಾಗಿದ್ದರೆ, ಅರ್ಧ ಗೋದಾಮನ್ನು ಬಿಟ್ಟ ನನ್ನ ಪಾಡೇನು?

ದಾನಪತ್ರವನ್ನು ಹರಿದು ವಿಭಾಗಪತ್ರವನ್ನು ಬರೆಸಿದೆವು. ಸಹಿಯಾದ ಮೇಲೆ ತಮ್ಮನು ನಮ್ಮ ಮನೆಗೆ ಬಂದು ಊಟ ಮಾಡಿದನು. ಹಳೆಯ ಸಲಿಗೆ ಪೂರ್ತಿಯಾಗಿ ಬಂದಿತೆಂದು ಹೇಳಲಾರೆ. ಹನ್ನೊಂದು ವರ್ಷಗಳ ಬಾಕಿಯು ಒಂದು ಕಾಗದದಿಂದ ತೀರುವುದಿಲ್ಲ. ಆದರೆ ಅಂದು ಸಂಜೆ ತಾಯಿಯವರು, “ಇವತ್ತು ಮನೆ ಗೆಲುವಾಗಿದೆ” ಎಂದರು.

ಕನ್ನಡದ ಈ ಮಾತಿಗೆ ಹೀಗೊಂದು ಅರ್ಥವಿರುವುದು ಎಷ್ಟೋ ದಿನಗಳ ಮೇಲೆ ನನ್ನ ಗಮನಕ್ಕೆ ಬಂದಿತು. ಜ್ವರ ಬಿಟ್ಟ ಮಗುವನ್ನು ನೋಡಿ ‘ಈಗ ಗೆಲುವಾಗಿದೆ’ ಎನ್ನುತ್ತೇವೆ. ಮುಖದಲ್ಲಿ ಗೆಲುವು ಕಾಣುತ್ತದೆ ಎನ್ನುತ್ತೇವೆ. ಆ ಗೆಲುವಿಗೆ ಎದುರಾಳಿಯಿಲ್ಲ. ಒಬ್ಬರು ಗೆಲುವಾಗಿದ್ದರೆ ಇನ್ನೊಬ್ಬರು ಸೋಲಬೇಕಾದ ಅವಶ್ಯಕತೆಯಿಲ್ಲ. ಹಾಗೆಯೇ ‘ಮನಸೋಲುವುದು’ ಎಂಬ ಸೋಲಿನಲ್ಲಿ ದುಃಖವಿಲ್ಲ. ತಾಯಿಯವರು 2017ರಲ್ಲಿ ಕಾಲವಾದರು. ವ್ಯಾಕರಣವನ್ನು ಓದಿದವರಲ್ಲ, ಆದರೆ ಗೆಲುವಿನ ಎರಡು ಅರ್ಥಗಳನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

‘ಜಿ’ ಎಂಬ ಧಾತುವಿನಿಂದ ಜಯ, ವಿಜಯ, ಜಿನ ಎಂಬ ಶಬ್ದಗಳು ಬಂದಿವೆ. ಅರಿಹಂತ ಎಂಬ ಮಾತಿಗೂ ‘ಶತ್ರುವನ್ನು ಕೊಂದವನು’ ಎಂದೇ ನಿರುಕ್ತಿ ಹೇಳುತ್ತಾರೆ. ಅಹಿಂಸೆಯನ್ನು ಪರಮಧರ್ಮವೆಂದು ಬಗೆದವರು ರಣರಂಗದ ಮಾತನ್ನೇ ಏಕೆ ಆರಿಸಿಕೊಂಡರು? ಮನುಷ್ಯನಿಗೆ ಗೆಲ್ಲುವ ಆಸೆ ಸಹಜ. ಅದನ್ನು ಕಿತ್ತೊಗೆಯುವುದಕ್ಕಿಂತ ಅದರ ಮುಖವನ್ನು ಒಳಕ್ಕೆ ತಿರುಗಿಸುವುದು ಮೇಲೆಂದು ಅವರಿಗೆ ತೋರಿರಬೇಕು. ತತ್ತ್ವಾರ್ಥಸೂತ್ರದಲ್ಲಿ ಪರೀಷಹಜಯವನ್ನು ಸಂವರದ ಸಾಧನಗಳಲ್ಲಿ ಒಂದಾಗಿ ಹೇಳಿದೆ. ಪರೀಷಹಗಳು 22. ಹಸಿವು, ಬಾಯಾರಿಕೆ, ಚಳಿ, ಸೆಕೆಗಳ ಜೊತೆಯಲ್ಲಿ ಸತ್ಕಾರ-ಪುರಸ್ಕಾರವನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಹಾರ ತುರಾಯಿಗಳೂ ಗೆಲ್ಲಬೇಕಾದ ಸಂಗತಿಗಳೇ! ವೇದಿಕೆಯ ಮೇಲೆ ಕುಳಿತುಕೊಳ್ಳುವ ನಾವೆಲ್ಲರೂ ಇದನ್ನು ನೆನಪಿಡುವುದು ಒಳ್ಳೆಯದು.

ನಮ್ಮ ಸಮಾಜದಲ್ಲಿ ಅಣ್ಣತಮ್ಮಂದಿರ ದಾವೆಗಳು ಕಡಿಮೆಯಿಲ್ಲ. ಬಸದಿಗಳ ಆಡಳಿತಕ್ಕಾಗಿ ಎರಡು ಪಂಗಡಗಳಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಉಂಟು. ಹಕ್ಕನ್ನು ಕೇಳಬಾರದೆಂದು ನಾನು ಹೇಳುವುದಿಲ್ಲ. ನನ್ನ ತಮ್ಮನು ಕೇಳದೆ ಇದ್ದಿದ್ದರೆ ನನ್ನ ಪುಸ್ತಕದ ತಪ್ಪು ಎಂದಿಗೂ ತಿಳಿಯುತ್ತಿರಲಿಲ್ಲ. ನಾನು ಬೇಡುವುದು ಇಷ್ಟೇ. ವಾಯಿದೆಗೆ ಹೊರಡುವ ಮೊದಲು ‘ಯಾರನ್ನು ಗೆಲ್ಲಲಿದ್ದೇನೆ’ ಎಂದು ಒಮ್ಮೆ ಕೇಳಿಕೊಳ್ಳಿರಿ. ಕ್ಷಮಾವಾಣಿಯ ದಿನ ಕೈಜೋಡಿಸುವ ಮೊದಲು ಹಳೆಯ ಲೆಕ್ಕವನ್ನು ಒಮ್ಮೆ ತೆಗೆದು ನೋಡಿರಿ.

ಮೊಮ್ಮಗನಿಗೆ ಉತ್ತರ ಕೊಡಲು ಎರಡು ದಿನ ಬೇಕಾಯಿತು. “ಜಿನನ ಗೆಲುವಿನಲ್ಲಿ ಎದುರು ತಂಡ ಇರುವುದಿಲ್ಲ ಮಗು. ಸಿಟ್ಟು, ಜಂಬ, ಮೋಸ, ಆಸೆ ಇವೆಲ್ಲ ನಮ್ಮ ಒಳಗೇ ಇರುವವು. ಅವನ್ನು ಗೆದ್ದವನಿಗೆ ಹೊರಗೆ ಯಾರನ್ನೂ ಸೋಲಿಸಬೇಕಾಗುವುದಿಲ್ಲ” ಎಂದೆನು.

ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ಔಟಾದವರೆಲ್ಲ ಒಳಗೆ ಬರಬಹುದಾ?” ಎಂದು ಕೇಳಿದನು.

“ಬರಬಹುದು” ಎಂದೆನು. ಅಂದು ಸಂಜೆ ತಮ್ಮನ ಮೊಮ್ಮಗನೂ ಅಂಗಳದಲ್ಲಿ ಕಬಡ್ಡಿಗೆ ಬಂದಿದ್ದನು.

ಜೈ ಜಿನೇಂದ್ರ.